ಕಿರಾಣಿ ಅಂಗಡಿಯ ಗಲ್ಲಾದ ಹತ್ತಿರ ಒಂದು ಕಾಳಿನ ಪೆಟ್ಟಿಗೆ

ನಮ್ಮ ಕಡೆಯವರಿಗೆ ಮುಷ್ಟಿ ಫಂಡ ಹೊಸದಲ್ಲ. ಅಡಿಗೆಗೆ ಕಾಳು ತೆಗೆಯುವಾಗ ಒಂದು ಹಿಡಿ ಬೇರೆ ಗಡಿಗೆಗೆ ಹಾಕಿಟ್ಟು, ಮಠದವರು ಬಂದಾಗ ಕೊಡುತ್ತಿದ್ದರು. ಹಾಗೆ ಕೂಡಿದ ಕಾಳಿನಲ್ಲೇ ಎಷ್ಟೋ ಬೋರ್ಡಿಂಗುಗಳ ಮಕ್ಕಳು ಉಂಡು ಓದಿದರು. ಈಗ ಮನೆಯಲ್ಲಿ ವರ್ಷದ ಕಾಳು ತುಂಬಿಡುವವರು ಕಡಿಮೆ. ವಾರದ ಪಗಾರ ಕೈಗೆ ಬಂದಾಗ ಎಲ್ಲವೂ ಅಂಗಡಿಯಿಂದಲೇ ಬರುತ್ತದೆ. ಹಾಗಾದರೆ ಆ ಗಡಿಗೆಯನ್ನೂ ಅಂಗಡಿಗೇ ಒಯ್ದು ಇಟ್ಟರಾಯಿತು.

ಬೇರೆ ದೇಶಗಳಲ್ಲಿ ಇದನ್ನೇ ದೊಡ್ಡದಾಗಿ ಮಾಡುತ್ತಾರೆ. ಅಮೇರಿಕಾದ ಫೀನಿಕ್ಸ್ ಪಟ್ಟಣದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬುವರು 1967ರಲ್ಲಿ ಸೇಂಟ್ ಮೇರಿ ಚರ್ಚಿನ ಸಹಾಯದಿಂದ ಆಹಾರದ ಬ್ಯಾಂಕು ಶುರು ಮಾಡಿದರು. ಇದ್ದವರು ಇಡುವುದು, ಇಲ್ಲದವರು ತೆಗೆಯುವುದು, ಇಷ್ಟೇ ಅದರ ವ್ಯವಹಾರ. ಇಟಲಿಯಲ್ಲಿ 1997ರಿಂದ ನವೆಂಬರ್ ತಿಂಗಳ ಒಂದು ಶನಿವಾರ ಸ್ವಯಂಸೇವಕರು ಅಂಗಡಿಗಳ ಬಾಗಿಲಲ್ಲಿ ನಿಂತು, ಸಾಮಾನು ಕೊಳ್ಳುವವರಿಂದ ಒಂದೆರಡು ಪಾಕೀಟು ಕೇಳಿ ಪಡೆಯುತ್ತಾರೆ. ಕುಲಗೋಡದಂಥ ಊರಿಗೆ ಅಷ್ಟು ದೊಡ್ಡ ಬಜಾರ ಬೇಕಿಲ್ಲ, ಎರಡು ಕಿರಾಣಿ ಅಂಗಡಿ ಸಾಕು.

ರೇಶನ್ ಇದೆಯಲ್ಲ, ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಿಗಬೇಕು, ಅದು ನಮ್ಮ ಹಕ್ಕು. ಆದರೆ ಒಂಟಿ ಮುದುಕಿಯ ಮನೆಯಲ್ಲಿ ಅಕ್ಕಿ ಇದ್ದರೂ ಬೇಳೆ, ಎಣ್ಣೆ ಇಲ್ಲದ ದಿನಗಳು ಬರುತ್ತವೆ. ಕಾರ್ಡು ಇನ್ನೂ ಆಗದವರು, ಮಷಿನ್ನಿನಲ್ಲಿ ಬೆರಳಿನ ಗುರುತು ಹತ್ತದವರು ಇದ್ದಾರೆ. 2019ರ ಆಗಸ್ಟದಲ್ಲಿ ಘಟಪ್ರಭಾ ಉಕ್ಕಿ ಗೋಕಾಕ, ಮೂಡಲಗಿ ಭಾಗದ ಮನೆಗಳಿಗೆ ನೀರು ಹೊಕ್ಕಾಗ ಚೀಲದ ಕಾಳೆಲ್ಲ ತೋಯ್ದು ಹೋಯಿತು. ಆಗ ಊರೂರಿನಿಂದ ಕಟಕ ರೊಟ್ಟಿಯ ಗಂಟುಗಳು ಬಂದವು. ಕೊಡುವ ಕೈಗಳಿಗೆ ನಮ್ಮಲ್ಲಿ ಬರಗಾಲವಿಲ್ಲ, ಮಳೆಗೆ ಮೊದಲೇ ಕೂಡಿಸಿಡುವ ರೂಢಿ ಮಾತ್ರ ಬೇಕು.

ಮೊದಲು ಅಂಗಡಿಯವರ ಹತ್ತಿರ ಕುಳಿತು ಮಾತಾಡಬೇಕು. ಅವರಿಗೆ ಇದರಿಂದ ನಷ್ಟವಿಲ್ಲ, ನಾಲ್ಕು ಪಾಕೀಟು ಹೆಚ್ಚೇ ಹೋಗುತ್ತವೆ. ಸಂತೆಯ ದಿನ ಒಳ್ಳೆಯದು. ಸ್ವ-ಸಹಾಯ ಸಂಘದ ಇಬ್ಬರು ಹೆಣ್ಣುಮಕ್ಕಳು ನಿಲ್ಲಲಿ, ಒಬ್ಬರು ಕೇಳಲು, ಒಬ್ಬರು ಬರೆಯಲು. ಕೇಳುವುದು ಲೆಕ್ಕ ಆಗುವ ಮೊದಲು, ಅದೂ ಒಂದೇ ಸಲ: “ಯಕ್ಕಾ, ನಮ್ಮೂರ ಕಾಳಿನ ಪೆಟ್ಟಿಗಿಗೆ ಒಂದ್ ಪಾವ್ ಕಿಲೋ ಬ್ಯಾಳಿ ಕೊಡ್ತೀರೇನ್ರಿ?” ಬ್ಯಾಡ ಅಂದರೆ ನಕ್ಕು ಸುಮ್ಮನಿರಬೇಕು.

ಉದ್ರಿ ಬರೆಸುವವರನ್ನು ಮಾತ್ರ ಕೇಳಲೇಬಾರದು. ಈ ಒಂದು ಮಾತನ್ನು ನಾವು ಒತ್ತಿ ಹೇಳುತ್ತೇವೆ. ಊರು ಸಣ್ಣದು, ಇವತ್ತು ಉದ್ರಿ ಬರೆಸಿದವರ ಮನೆಗೇ ನಾಳೆ ಈ ಪೆಟ್ಟಿಗೆಯ ಬೇಳೆ ಹೋಗಬೇಕಾಗಬಹುದು. ಅವರನ್ನು ನಾಲ್ಕು ಜನರೆದುರು ಕೇಳಿದರೆ ಅವರು ಮತ್ತೆ ನಮ್ಮ ಮುಖ ನೋಡುವುದಿಲ್ಲ.

ಏನು ಕೇಳಬೇಕು? ತೊಗರಿ ಬೇಳೆ, ಎಣ್ಣೆ ಪಾಕೀಟು, ಉಪ್ಪು, ಬೆಲ್ಲ, ಸಾಬಾಣ. ಹಿಟ್ಟು ಬೇಡ, ಬೇಗ ಹುಳ ಬೀಳುತ್ತದೆ. ಜೋಳ ಕೊಟ್ಟರೆ ಚೆನ್ನಾಗಿ ಒಣಗಿಸಿ ಬೇವಿನ ಎಲೆ ಹಾಕಿ ಇಡಬಹುದು. ನಾಲ್ವತ್ತು ಜನ ಪಾವ್ ಕಿಲೋದಂತೆ ಕೊಟ್ಟರೆ 10 ಕಿಲೋ ಬೇಳೆ ಆಯಿತು, ಅಂದರೆ ಹತ್ತು ಮನೆಗೆ ಒಂದೊಂದು ಕಿಲೋ.

ರೊಕ್ಕದ ಡಬ್ಬಿ ಇಡಬೇಕೋ ಬೇಡವೋ? ಮೊದಲು ಚಿಲ್ಲರೆ ಇಲ್ಲವೆಂದು ಚಾಕಲೇಟು ಕೊಡುತ್ತಿದ್ದ ಕಾಲದಲ್ಲಿ ಆ ರೂಪಾಯಿ ಡಬ್ಬಿಗೆ ಬೀಳುತ್ತಿತ್ತು. ಈಗ ಫೋನಿನಲ್ಲೇ ಪೈಸೆ ಸಮೇತ ಲೆಕ್ಕ ಮುಗಿಯುತ್ತದೆ. ಅದಕ್ಕೇ ಸಾಮಾನು ಕೇಳುವುದೇ ಚಲೋ ಎನ್ನುತ್ತೇವೆ. ಬೇಳೆ ಎಲ್ಲಿಗೆ ಹೋಯಿತೆಂದು ಯಾರೂ ಸಂಶಯ ಪಡುವುದಿಲ್ಲ. ಡಬ್ಬಿ ಇಟ್ಟರೂ ಬೀಗ ಹಾಕಿ, ಮೂವರ ಎದುರು ತೆರೆದು, ಕೂಡಿದ ಮೊತ್ತವನ್ನು ಅಂಗಡಿಯ ಗೋಡೆಗೇ ಬರೆದು ಅಂಟಿಸಿರಿ. ಫೋನಿನಿಂದ ಹಾಕುವವರಿಗೆ ಸಂಘದ ಖಾತೆಯ ಕೋಡ್ ಇರಲಿ, ಯಾರೊಬ್ಬರ ಸ್ವಂತ ನಂಬರ ಬೇಡ.

ಕೂಡಿದ್ದನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು, ಇಲಿಯ ಕಾಟ ನಿಮಗೆ ಗೊತ್ತೇ ಇದೆ. ಪಾಕೀಟಿನ ತಾರೀಖು ನೋಡಿ ಹಳೆಯದನ್ನು ಮೊದಲು ಹೊರಗೆ ತೆಗೆಯಿರಿ.

ಯಾರಿಗೆ ಕೊಡಬೇಕೆಂಬುದನ್ನು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇವರೊಂದಿಗೆ ಕೂಡಿ ಗೊತ್ತುಮಾಡಿರಿ. ಯಾವ ಮನೆಯಲ್ಲಿ ಒಲೆ ತಡವಾಗಿ ಹೊತ್ತುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ. ಜಾತಿ, ಧರ್ಮ ಕೇಳುವ ಕಾರಣವಿಲ್ಲ. ಹಂಚುವುದು ಅಂಗಡಿಯಲ್ಲಿ ಅಲ್ಲ, ಸಾಲು ಹಚ್ಚಿ ಅಲ್ಲ, ಫೋಟೋ ತೆಗೆದೂ ಅಲ್ಲ. ಸಂಜೆ ಕೈಚೀಲದಲ್ಲಿ ಹಾಕಿಕೊಂಡು, ಮನೆಗೆ ಮಾತಾಡಿಸಲು ಹೋದಂತೆ ಹೋಗಿ ಕೊಟ್ಟು ಬರುವುದು.