ರೈಲುಡಬ್ಬಿಯ ಪಾಠಶಾಲೆ

ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಹಾಕಲ್ಪಟ್ಟ ಬಾಲೆಯೊಬ್ಬಳು ಮುಂದೆ ತನ್ನ ವಿದ್ಯಾಭ್ಯಾಸವನ್ನು ಕುರಿತು ಬರೆದರೆ ಅದರಲ್ಲಿ ಕಹಿಯೇ ತುಂಬಿರಬೇಕಲ್ಲವೆ? ಜಪಾನಿನ ತೆತ್ಸುಕೊ ಕುರೊಯಾನಗಿಯವರು 1981ರಲ್ಲಿ ಪ್ರಕಟಿಸಿದ ‘ತೊತ್ತೋಚಾನ್’ ಹಾಗಿಲ್ಲ. ಆಕೆಗೆ ಆಶ್ರಯವಿತ್ತ ಟೋಕಿಯೋದ ತೊಮೊಎ ಶಾಲೆಯಲ್ಲಿ ಹಳೆಯ ರೈಲುಡಬ್ಬಿಗಳೇ ತರಗತಿಗಳು. ದಿನದ ಪಾಠಗಳಲ್ಲಿ ಯಾವುದು ಮೊದಲೆಂಬುದು ಮಕ್ಕಳ ಇಷ್ಟ. ಬೆಳಗ್ಗೆಯೇ ಎಲ್ಲವನ್ನೂ ಮುಗಿಸಿದರೆ ಮಧ್ಯಾಹ್ನ ತಿರುಗಾಟ. ದಾರಿಯಲ್ಲಿ ಅಧ್ಯಾಪಕಿ ಹೂವಿನ ಕೇಸರವನ್ನು ತೋರಿಸಿ ವಿವರಿಸುವರು. ಅದು ವಿಜ್ಞಾನದ ಪಾಠವೆಂದು ಮಕ್ಕಳಿಗೆ ಆಗ ಹೊಳೆಯಲೇ ಇಲ್ಲ. ಬೇಸಾಯದ ಪಾಠಕ್ಕೆ ರೈತನೇ ಗುರು! ಪದವಿಪತ್ರವನ್ನು ಕೇಳುವ ನಾವು ಇದನ್ನು ಒಪ್ಪುವೆವೆ? ಪಠ್ಯೇತರವೆಂದು ನಾವು ಬೇರ್ಪಡಿಸಿಟ್ಟುದೆಲ್ಲ ಅಲ್ಲಿ ಪಠ್ಯವೇ ಆಗಿತ್ತು.

1945ರ ವಾಯುದಾಳಿಯಲ್ಲಿ ಶಾಲೆ ಸುಟ್ಟುಹೋಯಿತು. ಉರಿಯನ್ನು ನೋಡುತ್ತ ನಿಂತ ಮುಖ್ಯೋಪಾಧ್ಯಾಯ ಕೊಬಾಯಾಶಿಯವರು, ಮುಂದೆ ಎಂತಹ ಶಾಲೆಯನ್ನು ಕಟ್ಟೋಣವೆಂದು ಮಗನನ್ನು ಕೇಳಿದರಂತೆ.