ರೀಲಿನೊಳಗಿನ ಕಾಣದ ದಾರ

ಸ್ಕಾಟ್ಲೆಂಡಿನ ಟೇ ನದಿ. ಮೊಣಕಾಲುದ್ದದ ತಣ್ಣನೆಯ ನೀರಿನಲ್ಲಿ ನಿಂತವನೊಬ್ಬ ಉದ್ದನೆಯ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಹಕ್ಕಿಯ ಗರಿ ಕಟ್ಟಿದ ಪುಟ್ಟ ಗಾಳವನ್ನು 20 ಮೀಟರ್ ಆಚೆಗೆ ಇಳಿಸಿದ್ದಾನೆ. ಇದ್ದಕ್ಕಿದ್ದಂತೆ ದಾರ ಬಿಗಿಯಾಗುತ್ತದೆ. ಸಾಲ್ಮನ್ ಮೀನು ಗಾಳ ಕಚ್ಚಿದೆ! ಮರುಕ್ಷಣವೇ ಅದು ಹರಿವಿನ ಜೊತೆಗೆ ಓಟ ಕೀಳುತ್ತದೆ. ಕೋಲಿನ ಬುಡದಲ್ಲಿರುವ ರೀಲು ಗಿರ್ರೆಂದು ತಿರುಗುತ್ತದೆ. ಅವನ ದಾರದ ಒಟ್ಟು ಉದ್ದ ಸುಮಾರು 27 ಮೀಟರ್. ಅದರಲ್ಲಿ 20 ಮೀಟರ್ ಆಗಲೇ ನೀರಿನಲ್ಲಿದೆ. ಉಳಿದಿರುವುದು ಏಳೇ ಮೀಟರ್. ಅದೂ ಮುಗಿದ ಮೇಲೆ?

ಮುಗಿದ ಮೇಲೆ ನೆರವಿಗೆ ಬರುವುದು ರೀಲಿನ ತಳದಲ್ಲಿ, ಕಣ್ಣಿಗೆ ಕಾಣದಂತೆ ಸುತ್ತಿಟ್ಟಿರುವ ಇನ್ನೊಂದು ದಾರ. ಅದಕ್ಕೆ ‘ಬ್ಯಾಕಿಂಗ್’ ಎನ್ನುತ್ತಾರೆ. ಒಳದಾರ ಎಂದು ನಾವು ಕರೆಯಬಹುದು. ಇದನ್ನು ಸುತ್ತುವ ಕೆಲಸ ಮಕ್ಕಳಾಟದಂತೆ ಕಂಡರೂ ಅದರ ಹಿಂದೆ ಪ್ರೌಢಶಾಲೆಯ ಗಣಿತ, ಭೌತಶಾಸ್ತ್ರ ಎರಡೂ ಅಡಗಿವೆ.

ದಾರವೇ ತೂಕ

ನಮ್ಮ ಕೆರೆ ಹೊಳೆಗಳಲ್ಲಿ ಗಾಳ ಹಾಕುವವರು ದಾರಕ್ಕೆ ಸೀಸದ ಗುಂಡು ಕಟ್ಟುವುದನ್ನು ನೀವು ನೋಡಿರಬಹುದು. ಗುಂಡಿನ ತೂಕ ದಾರವನ್ನು ಎಳೆದುಕೊಂಡು ದೂರಕ್ಕೆ ಹೋಗುತ್ತದೆ. ‘ಫ್ಲೈ ಫಿಷಿಂಗ್’ ಎಂಬ ಪದ್ಧತಿಯಲ್ಲಿ ಇದು ತಿರುವುಮುರುವು. ನೊಣ ಅಥವಾ ಹುಳುವಿನಂತೆ ಕಾಣುವ ಗಾಳಕ್ಕೆ ತೂಕವೇ ಇಲ್ಲವೆನ್ನಬೇಕು. ಆದ್ದರಿಂದ ದಾರಕ್ಕೇ ತೂಕ ಕೊಡುತ್ತಾರೆ. ಹೆಣೆದ ನೂಲಿನ ಮೇಲೆ ಪ್ಲಾಸ್ಟಿಕ್ ಲೇಪಿಸಿದ ಈ ದಪ್ಪ ದಾರ ಚಾಟಿಯಂತೆ ಗಾಳಿಯಲ್ಲಿ ಬಿಚ್ಚಿಕೊಂಡು ಹೋಗಿ ಗಾಳವನ್ನು ಮೆಲ್ಲಗೆ ನೀರಿನ ಮೇಲೆ ಇಳಿಸುತ್ತದೆ.

ಈ ದಾರಗಳಿಗೆ ತೂಕದ ಪ್ರಕಾರ ಸಂಖ್ಯೆಗಳಿವೆ. ತುದಿಯ ಮೊದಲ 30 ಅಡಿ ಎಷ್ಟು ತೂಗುತ್ತದೆ ಎಂಬುದೇ ಅಳತೆ. 5ನೇ ಸಂಖ್ಯೆಯ ದಾರದಲ್ಲಿ ಅದು 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. 8ನೇ ಸಂಖ್ಯೆಯದು 210 ಗ್ರೇನ್, ಸುಮಾರು 13.6 ಗ್ರಾಂ. ಕೋಲು, ದಾರ, ರೀಲು ಮೂರೂ ಒಂದೇ ಸಂಖ್ಯೆಗೆ ಹೊಂದಬೇಕು.

ದಪ್ಪನೆಯ ಈ ದಾರ ದುಬಾರಿ. ಜಾಗವನ್ನೂ ಬಹಳ ತಿನ್ನುತ್ತದೆ. ಇಂಥದ್ದನ್ನು 100 ಮೀಟರ್ ಸುತ್ತಬೇಕಾದರೆ ರೀಲು ಇನ್ನೂ ದೊಡ್ಡದಾಗಬೇಕಾದೀತು! ಅದಕ್ಕಾಗಿಯೇ ಅದರ ಕೆಳಗೆ ತೆಳುವಾದ, ಗಟ್ಟಿಯಾದ ಒಳದಾರ. ಸಾಮಾನ್ಯವಾಗಿ ಇದು ಡೇಕ್ರಾನ್ ಎಂಬ ಪಾಲಿಯೆಸ್ಟರ್ ಎಳೆಗಳನ್ನು ಹೆಣೆದು ಮಾಡಿದ್ದು. 20 ಪೌಂಡ್, ಅಂದರೆ 9 ಕಿಲೋ ಎಳೆತವನ್ನು ತಡೆಯುವ ದಾರವೇ ಹೆಚ್ಚು ಬಳಕೆಯಲ್ಲಿದೆ.

ಸುತ್ತಿನ ಲೆಕ್ಕ

ಓಡುವ ಮೀನಿಗೆ ದಾರ ಒದಗಿಸುವುದು ಒಳದಾರದ ಮೊದಲ ಕೆಲಸ. ಎರಡನೆಯದು ರೀಲಿನ ನಡುವಿನ ಅಚ್ಚನ್ನು ದಪ್ಪ ಮಾಡುವುದು. ಇದೇಕೆ ಬೇಕು?

ಅಚ್ಚಿನ ವ್ಯಾಸ 2.5 ಸೆಂ.ಮೀ. ಎಂದುಕೊಳ್ಳಿ. ಪರಿಧಿ ಸುಮಾರು 7.85 ಸೆಂ.ಮೀ. ಬರಿಯ ಅಚ್ಚಿನ ಮೇಲೆ 10 ಮೀಟರ್ ದಾರ ಸುತ್ತಲು 127 ಸುತ್ತು ಬೇಕು. ಅದರ ಮೇಲೆ ಒಳದಾರ ತುಂಬಿ ವ್ಯಾಸವನ್ನು 5 ಸೆಂ.ಮೀ.ಗೆ ಏರಿಸಿದರೆ ಒಂದು ಸುತ್ತಿಗೆ 15.7 ಸೆಂ.ಮೀ. ದಾರ ಬರುತ್ತದೆ, 64 ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಮೀನು ತಟ್ಟನೆ ತಿರುಗಿ ನಮ್ಮತ್ತಲೇ ಧಾವಿಸಿದಾಗ ಸಡಿಲವಾದ ದಾರವನ್ನು ಬೇಗ ಬೇಗ ಒಳಗೆಳೆಯಲು ಈ ವ್ಯತ್ಯಾಸವೇ ಆಧಾರ. ದಾರ ಸಡಿಲವಾದರೆ ಗಾಳ ಕಳಚಿಕೊಳ್ಳುತ್ತದೆ.

ಮೂರನೆಯ ಪ್ರಯೋಜನವೂ ಉಂಟು. ಸಣ್ಣ ಅಚ್ಚಿಗೆ ಬಿಗಿಯಾಗಿ ಸುತ್ತಿಟ್ಟ ಪ್ಲಾಸ್ಟಿಕ್ ಲೇಪದ ದಾರ ಸ್ಪ್ರಿಂಗಿನಂತೆ ಸುರುಳಿ ಸುರುಳಿಯಾಗಿಯೇ ಹೊರಬರುತ್ತದೆ. ದೊಡ್ಡ ಸುತ್ತಿನಲ್ಲಿಟ್ಟರೆ ಈ ತೊಂದರೆ ಕಡಿಮೆ.

ಎಷ್ಟು ಸುತ್ತಬೇಕು?

ರೀಲಿನ ಜೊತೆ ಬರುವ ಚೀಟಿಯಲ್ಲಿ ಇದರ ವಿವರ ಇರುತ್ತದೆ. ಆದರೆ ದಾರಗಳ ದಪ್ಪ ಒಂದೇ ಸಮನಾಗಿರುವುದಿಲ್ಲ. ನಿಖರವಾಗಿ ತಿಳಿಯಲು ಹಳಬರು ಒಂದು ಉಪಾಯ ಮಾಡುತ್ತಾರೆ: ಕೆಲಸವನ್ನು ತಲೆಕೆಳಗು ಮಾಡಿ ನೋಡುವುದು. ಮೊದಲು ಫ್ಲೈ ದಾರವನ್ನು ಗಾಳದ ತುದಿಯಿಂದ ಆರಂಭಿಸಿ ಖಾಲಿ ರೀಲಿಗೆ ಸುತ್ತುತ್ತಾರೆ. ಅದರ ಕೊನೆಗೆ ಒಳದಾರ ಕಟ್ಟಿ, ರೀಲಿನ ಅಂಚಿಗೆ ಐದಾರು ಮಿಲಿಮೀಟರ್ ಉಳಿಯುವವರೆಗೆ ಸುತ್ತಿ ಕತ್ತರಿಸುತ್ತಾರೆ. ಆಮೇಲೆ ಬಯಲಿನಲ್ಲಿ ಎಲ್ಲವನ್ನೂ ಉದ್ದಕ್ಕೆ ಬಿಚ್ಚಿ, ಒಳದಾರದ ತುದಿಯಿಂದ ಮತ್ತೆ ಸುತ್ತುತ್ತಾರೆ. ಸೂತ್ರವಿಲ್ಲದೆ ಉತ್ತರ ಸಿಕ್ಕಿತು!

ಸುತ್ತುವ ಮೊದಲು ರೀಲಿನ ಹಿಡಿಯನ್ನು ಎಡಗೈಯಿಂದ ತಿರುಗಿಸುವುದೋ ಬಲಗೈಯಿಂದಲೋ ಎಂದು ತೀರ್ಮಾನಿಸಿರಬೇಕು. ಬ್ರೇಕು ಮುಖ್ಯವಾಗಿ ಒಂದು ದಿಕ್ಕಿಗೇ ಬಿಗಿ ಹಿಡಿಯುವುದರಿಂದ, ನಂತರ ಮನಸ್ಸು ಬದಲಾಯಿಸಿದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಸುತ್ತಬೇಕಾಗುತ್ತದೆ.

ಅಚ್ಚಿಗೆ ಕಟ್ಟುವ ಗಂಟು ಬಲು ಸರಳ. ದಾರವನ್ನು ಅಚ್ಚಿನ ಸುತ್ತ ಎರಡು ಬಾರಿ ತಂದು, ತುದಿಯಿಂದ ಉದ್ದ ದಾರದ ಮೇಲೆ ಒಂದು ಸಾದಾ ಗಂಟು. ತುದಿಯಲ್ಲೇ ಇನ್ನೊಂದು ಗಂಟು. ಎಳೆದರೆ ಮೊದಲ ಗಂಟು ಅಚ್ಚಿಗೆ ಜಾರಿ ಕೂರುತ್ತದೆ, ಎರಡನೆಯದು ಅದಕ್ಕೆ ತಡೆಯಾಗಿ ನಿಲ್ಲುತ್ತದೆ. ಗಂಟು ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡುವುದು ರೂಢಿ. ಒಣ ದಾರ ತಿಕ್ಕಾಟದಿಂದ ಬಿಸಿಯೇರಿ ಬಲ ಕಳೆದುಕೊಳ್ಳುತ್ತದೆ.

ಇನ್ನು ಸುತ್ತುವಿಕೆ. ಒಳದಾರದ ಉಂಡೆಗೆ ಪೆನ್ಸಿಲ್ ತೂರಿಸಿ ಒಬ್ಬರು ಹಿಡಿದುಕೊಂಡರೆ, ಇನ್ನೊಬ್ಬರು ದಾರವನ್ನು ಬೆರಳುಗಳ ನಡುವೆ ಬಿಗಿ ಹಿಡಿದು, ಈ ಅಂಚಿನಿಂದ ಆ ಅಂಚಿಗೆ ಸಮನಾಗಿ ಸುತ್ತಬೇಕು. ಮನೆಯಲ್ಲಿ ಹೊಲಿಗೆ ಯಂತ್ರ ಇದ್ದವರಿಗೆ ಇದರ ಮರ್ಮ ಗೊತ್ತು. ಬಾಬಿನ್‌ಗೆ ನೂಲನ್ನು ಸಡಿಲವಾಗಿ ಸುತ್ತಿದರೆ ಹೊಲಿಗೆಯ ನಡುವೆ ಸಿಕ್ಕಿಕೊಳ್ಳುತ್ತದಲ್ಲವೆ? ಇಲ್ಲಿಯೂ ಹಾಗೆಯೇ. ಮೀನು ಜಗ್ಗಿದಾಗ ಮೇಲಿನ ಸುತ್ತು ಕೆಳಗಿನ ಸಡಿಲ ಸುತ್ತುಗಳ ನಡುವೆ ಹೂತು ಕಚ್ಚಿಕೊಳ್ಳುತ್ತದೆ. ರೀಲು ನಿಂತರೆ ದಾರ ತುಂಡಾಗುತ್ತದೆ.

ಒಳದಾರಕ್ಕೂ ಫ್ಲೈ ದಾರಕ್ಕೂ ಬೆಸುಗೆ ಹಾಕಲು ‘ಆಲ್‌ಬ್ರೈಟ್’ ಎಂಬ ಗಂಟು ಬಳಸುತ್ತಾರೆ. ದಪ್ಪ ದಾರವನ್ನು ಮಡಚಿ ಕುಣಿಕೆ ಮಾಡಿ, ಅದರೊಳಗೆ ತೆಳು ದಾರವನ್ನು ತೂರಿಸಿ, ಕುಣಿಕೆಯ ಸುತ್ತ ಹತ್ತು ಹನ್ನೆರಡು ಸುತ್ತು ಒತ್ತೊತ್ತಾಗಿ ಸುತ್ತಿ, ತುದಿಯನ್ನು ಮತ್ತೆ ಅದೇ ಕುಣಿಕೆಯಿಂದ ಹೊರತೆಗೆದು ಬಿಗಿಯುವುದು. ಕೋಲಿನ ಉಂಗುರಗಳಲ್ಲಿ ತಡವಿಲ್ಲದೆ ನುಸುಳುವಂತೆ ಗಂಟು ನುಣುಪಾಗಿರಬೇಕು.

ಬ್ರೇಕು ಮುಟ್ಟದೆಯೇ ಹೆಚ್ಚುವ ಬಿಗಿ

ಇನ್ನೊಂದು ಸೂಕ್ಷ್ಮವಿದೆ. ಗಾಳದ ಬಳಿ ಕಟ್ಟುವ ತುದಿಯೆಳೆ ಇಡೀ ಸರಪಳಿಯಲ್ಲೇ ದುರ್ಬಲವಾದದ್ದು. ಟ್ರೌಟ್ ಮೀನಿಗೆ ಬಳಸುವ 4ಎಕ್ಸ್ ಎಳೆ ಸುಮಾರು 2.7 ಕಿಲೋ ಎಳೆತಕ್ಕೆ ತುಂಡಾಗುತ್ತದೆ. ಬೇಕೆಂದೇ ಹೀಗಿರುತ್ತದೆ. ಹರಿಯುವುದೇ ಆದರೆ ತುದಿಯಲ್ಲಿ ಹರಿಯಲಿ. ಮೀನು ಹತ್ತಾರು ಮೀಟರ್ ದಾರ ಎಳೆದುಕೊಂಡು ಹೋಗಿ ಬಂಡೆ, ಬೇರುಗಳಿಗೆ ಸಿಕ್ಕಿ ಸಾಯದಿರಲಿ ಎಂಬುದು ಉದ್ದೇಶ. ಅಚ್ಚಿನ ಗಂಟು ಜಾರಿದರೆ ಅಥವಾ ನಡುವಿನ ಗಂಟು ಬಿಚ್ಚಿದರೆ ಆಗುವುದು ಇದೇ ಅನಾಹುತ.

ಈಗ ಲೆಕ್ಕ ನೋಡಿ. ತುಂಬಿದ ರೀಲಿನ ತ್ರಿಜ್ಯ 4 ಸೆಂ.ಮೀ. 1 ಕಿಲೋ ಎಳೆತಕ್ಕೆ ದಾರ ಬಿಡುವಂತೆ ಬ್ರೇಕು ಹಾಕಿದೆ. ಬಲವನ್ನು ತ್ರಿಜ್ಯದಿಂದ ಗುಣಿಸಿದರೆ ಬರುವುದೇ ತಿರುಗುಬಲ. ಇಲ್ಲಿ ಅದು 4. ಬ್ರೇಕು ಬದಲಾಗದಿದ್ದರೆ ಈ ಗುಣಲಬ್ಧವೂ ಬದಲಾಗದು. ಮೀನು ಓಡಿದಂತೆ ಸುತ್ತು ಕರಗಿ ತ್ರಿಜ್ಯ 2 ಸೆಂ.ಮೀ.ಗೆ ಇಳಿದರೆ ಬೇಕಾಗುವ ಎಳೆತ 2 ಕಿಲೋ. 1.25 ಸೆಂ.ಮೀ. ಅಚ್ಚಿನ ಹತ್ತಿರ ಬಂದಾಗ 3.2 ಕಿಲೋ! ಯಾರೂ ಬ್ರೇಕು ಮುಟ್ಟಲಿಲ್ಲ, ಆದರೂ 2.7 ಕಿಲೋ ತಡೆಯುವ ಎಳೆ ತುಂಡಾಯಿತು. ನೀರಿನಲ್ಲಿರುವ ಉದ್ದ ದಾರದ ಮೇಲೆ ಹರಿವಿನ ಎಳೆತವೂ ಇದಕ್ಕೆ ಕೂಡುತ್ತದೆ. ಆದ್ದರಿಂದಲೇ ಪಳಗಿದವರು ಒಳದಾರ ಹೊರಬರತೊಡಗಿದೊಡನೆ ಬ್ರೇಕನ್ನು ಬಿಗಿ ಮಾಡುವುದಿಲ್ಲ, ಸಡಿಲಿಸುತ್ತಾರೆ. ದಾರವಿನ್ನೂ ಸಾಕಷ್ಟು ಉಳಿದಿದೆ ಎಂಬ ಧೈರ್ಯವಿದ್ದರೆ ಮಾತ್ರ ಇದು ಸಾಧ್ಯ.

ನಮ್ಮ ನದಿಗಳ ನಂಟು

ಹಿಂದೆ ಈ ದಾರಗಳು ರೇಷ್ಮೆಯವು. ಒದ್ದೆಯಾಗಿ ಉಳಿದರೆ ಕೊಳೆಯುತ್ತಿದ್ದವು. ಅಮೆರಿಕದ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಪೇಟೆಂಟ್ ಪಡೆದ ರೀಲಿನ ಪಕ್ಕಗಳಲ್ಲಿ ತೂತುಗಳಿದ್ದವು. ತೂಕ ತಗ್ಗಿತು, ಗಾಳಿಯಾಡಿ ದಾರವೂ ಒಣಗುವಂತಾಯಿತು. ಇಂದಿನ ರೀಲುಗಳಲ್ಲಿಯೂ ಆ ತೂತುಗಳಿವೆ.

ಅದಕ್ಕೆ ಒಂದು ವರ್ಷ ಮೊದಲು, 1873ರಲ್ಲಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟವಾಯಿತು. ಮಹಶೀರ್ ಮೀನಿಗೆ ಅದರಲ್ಲಿ ದೊಡ್ಡ ಸ್ಥಾನ. ಶಿಶಿಲದ ದೇವಸ್ಥಾನದ ಬಳಿ ಹೊಳೆಯಲ್ಲಿ ಭಕ್ತರು ಅಕ್ಕಿ ಹಾಕುವ ಮೀನುಗಳು ಇದೇ ಕುಲದವು. ಕಾವೇರಿಯ ಗೂನುಬೆನ್ನಿನ ಮಹಶೀರ್ ಅನ್ನು 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಬ್ರಿಟನ್ನಿನ ಸಾಲ್ಮನ್ ಕೂಡ 2023ರಲ್ಲಿ ಅಪಾಯದ ಅಂಚಿನ ಪಟ್ಟಿ ಸೇರಿತು.

ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್‌ಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚನ್ನು ಈಗ ಮರಳಿ ನೀರಿಗೆ ಬಿಡುತ್ತಾರೆ. ಬಿಟ್ಟ ಮೀನು ಬದುಕಬೇಕಾದರೆ ಅದು ದಾರ ಎಳೆದುಕೊಂಡು ಹೋಗಬಾರದು, ವಿಪರೀತ ದಣಿಯಲೂ ಬಾರದು. ಅಂದರೆ ಮನೆಯಲ್ಲಿ ಕುಳಿತು ಹಾಕಿದ ಗಂಟು, ಎಣಿಸಿ ಸುತ್ತಿದ ಸುತ್ತು ಹಿಡಿಯುವವನಿಗೆ ಎಷ್ಟು ಮುಖ್ಯವೋ ಮೀನಿಗೂ ಅಷ್ಟೇ ಮುಖ್ಯ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಗಾಳ ಬೇಡ. ಐದು ಮೀಟರ್ ದಾರವನ್ನು ಪೆನ್ಸಿಲಿಗೊಮ್ಮೆ, ಹಾಲಿನ ಪುಡಿಯ ಡಬ್ಬಿಗೊಮ್ಮೆ ಸುತ್ತಿ, ಸುತ್ತುಗಳನ್ನು ಎಣಿಸಿ. ವ್ಯಾಸ ಅಳೆದು ಲೆಕ್ಕಕ್ಕೆ ತಾಳೆ ನೋಡಿ. ಟೇ ನದಿಯಲ್ಲಿ ನಿಂತವನ ಬಂಡವಾಳವೂ ಇಷ್ಟೇ.