ಎಲೆ ಬಾಯಿ ತೆರೆದರೆ ನೀರು ಖರ್ಚು

ನಮ್ಮ ಕೊಲ್ಹಾರದ ಒಂದು ಮಗ್ಗುಲಿಗೆ ಆಲಮಟ್ಟಿ ಹಿನ್ನೀರು, ಇನ್ನೊಂದು ಮಗ್ಗುಲಿಗೆ ಮಳೆ ನಂಬಿದ ಎರೆ ಹೊಲ. ನೀರಿದ್ದವರು ಕಬ್ಬು ಹಾಕುತ್ತಾರೆ, ಇಲ್ಲದವರು ಬಿಳಿಜೋಳ, ಕಡಲೆ, ತೊಗರಿ. ಬೆಳೆಗೆ ಎಷ್ಟು ನೀರು ಬೇಕು ಅಂತ ಮಾತು ಬಂದಾಗ ನಾವು ಬೇರನ್ನೇ ನೋಡುತ್ತೇವೆ. ಆದರೆ ಅಡುಗೆ ಆಗೋದು ಎಲೆಯಲ್ಲಿ, ನೀರು ಖರ್ಚಾಗೋದೂ ಹೆಚ್ಚಾಗಿ ಅಲ್ಲೇ.

ಎಲೆಯ ಮೈಮೇಲೆ ಬರಿಗಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅವುಗಳ ಮೂಲಕ ಒಳಗೆ ಬರುತ್ತದೆ. ಬಿಸಿಲಿನ ಬಲದಿಂದ ಎಲೆ ಅದನ್ನೂ ನೀರನ್ನೂ ಕೂಡಿಸಿ ಸಕ್ಕರೆ ಮಾಡುತ್ತದೆ. ಬಾಯಿ ತೆರೆದರೆ ಒಳಗಿನ ತೇವ ಆವಿಯಾಗುತ್ತದೆ, ಮುಚ್ಚಿದರೆ ಊಟ ನಿಲ್ಲುತ್ತದೆ. ಈ ಇಕ್ಕಟ್ಟಿಗೆ ಗಿಡಗಳು ಮೂರು ದಾರಿ ಕಂಡುಕೊಂಡಿವೆ.

ಸಾದಾ ಎಲೆ

ಕಡಲೆ, ಕುಸುಬೆ, ಗೋಧಿ, ತೊಗರಿ, ದ್ರಾಕ್ಷಿ ಈ ಜಾತಿಯವು. ಬಿಸಿ ಏರಿದಂತೆ ಇವು ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನೂ ಹಿಡಿದು, ದುಡಿದದ್ದರಲ್ಲಿ ಒಂದಿಷ್ಟು ಕಳೆದುಕೊಳ್ಳುತ್ತವೆ. ಚಳಿಯಲ್ಲಿ ಈ ನಷ್ಟ ಕಡಿಮೆ. ಕಡಲೆ, ಕುಸುಬೆ ಹಿಂಗಾರಿಗೆ ಒಪ್ಪುವುದಕ್ಕೆ ಇದೂ ಒಂದು ಕಾರಣ.

ಜೋಳದ ಎಲೆ

ಜೋಳ, ಸಜ್ಜೆ, ಗೋವಿನಜೋಳ, ಕಬ್ಬು ಇದೇ ಪಂಗಡ. ಇವು ಇಂಗಾಲದ ಡೈಆಕ್ಸೈಡನ್ನು ನರಗಳ ಸುತ್ತಲಿನ ಕೋಶಗಳಿಗೆ ಒತ್ತಿ ತುಂಬುತ್ತವೆ. ಹಾಗಾಗಿ ಬಾಯಿ ಸ್ವಲ್ಪವೇ ತೆರೆದರೂ ಸಾಕು, ಬಿಸಿಲಲ್ಲೂ ನಷ್ಟವಿಲ್ಲ. ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಇದನ್ನು ವಿವರಿಸಿದ್ದು ಕಬ್ಬಿನ ಎಲೆಯಿಂದಲೇ. ಒಂದು ಕಿಲೋ ಒಣಪದಾರ್ಥಕ್ಕೆ ಸಾದಾ ಎಲೆ ಕುಡಿಯುವ ನೀರಿನ ಸುಮಾರು ಅರ್ಧ ಇವಕ್ಕೆ ಸಾಕು. ಆದರೆ ಪೂರ್ತಿ ಬಿಸಿಲು ಬೇಕು. ಬದುವಿನ ಬೇವಿನ ನೆರಳಲ್ಲಿ ಜೋಳ ಸೊರಗುತ್ತದೆ.

ರಾತ್ರಿ ಉಣ್ಣುವ ಗಿಡ

ಕತ್ತಾಳೆ, ಪಾಪಾಸುಕಳ್ಳಿ ಹಗಲು ಬಾಯಿ ಮುಚ್ಚಿ ರಾತ್ರಿ ತೆರೆಯುತ್ತವೆ. ರಾತ್ರಿ ಹಿಡಿದದ್ದನ್ನು ಹುಳಿಯಾಗಿ ಕೂಡಿಟ್ಟು ಹಗಲು ಅಡುಗೆ ಮಾಡುತ್ತವೆ. ಕಾಡುಬಸಳೆಯದೂ ಇದೇ ರೀತಿ. ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಈ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂದು 1813ರಲ್ಲೇ ಪತ್ರ ಬರೆದಿದ್ದರು. ನೀವೂ ಚೂರು ಜಗಿದು ನೋಡಿ, ನುಂಗಬೇಡಿ.

ಹೊಲಕ್ಕೆ ಬರುವ ಲೆಕ್ಕ

ಎಲೆ ಜಾಣ ಅಂತ ಬೆಳೆ ಅಗ್ಗ ಅಲ್ಲ. ಕಬ್ಬಿನ ಎಲೆಯೂ ಜೋಳದಷ್ಟೇ ಜಾಣ. ಆದರೆ ಅದು ವರ್ಷಪೂರ್ತಿ ಹಸಿರಾಗಿ ನಿಂತು, ಬೇಸಿಗೆಯಲ್ಲೂ ಬಾಯಿ ತೆರೆದಿರುತ್ತದೆ. ಅದಕ್ಕೆ 1500 ಮಿ.ಮೀ.ಗೂ ಹೆಚ್ಚು ನೀರು ಬೇಕು. ನಮ್ಮಲ್ಲಿ ಬೀಳುವ ಮಳೆ ಸುಮಾರು 600 ಮಿ.ಮೀ. ಉಳಿದದ್ದನ್ನು ಪಂಪೇ ಕೊಡಬೇಕು. ಎರೆಗೆ ಹಾಗೆ ನೀರು ಹಾಯಿಸುತ್ತಾ ಹೋದರೆ ಸವಳಿನ ಭಯ. ಬಿಳಿಜೋಳ ಎರೆಯಲ್ಲಿ ಕೂಡಿಟ್ಟ ತೇವದಲ್ಲೇ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ, ದನಕ್ಕೆ ಕಣಿಕೆಯೂ ಸಿಗುತ್ತದೆ.

ನಾನು ಮಾಡುವುದು ಇಷ್ಟು: ಏಪ್ರಿಲ್-ಮೇ ತಿಂಗಳಲ್ಲಿ ಎಷ್ಟಕ್ಕೆ ನೀರು ಸಾಲುತ್ತದೋ ಅಷ್ಟಕ್ಕೇ ಕಬ್ಬು. ಉಳಿದ ಹೊಲಕ್ಕೆ ಬಿಳಿಜೋಳ, ಕಡಲೆ.

ಜೋಳದ ಎಲೆಯೇ ಸುದ್ದಿಯನ್ನೂ ಹೇಳುತ್ತದೆ. ಮಧ್ಯಾಹ್ನ ಸುರುಳಿ ಸುತ್ತಿ ಸಂಜೆಗೆ ಬಿಚ್ಚಿಕೊಂಡರೆ ಚಿಂತೆ ಬೇಡ. ನಸುಕಿನಲ್ಲೂ ಸುರುಳಿ ಬಿಚ್ಚದಿದ್ದರೆ ಭೂಮಿಯ ತೇವ ತೀರುತ್ತಾ ಬಂದಿದೆ ಎಂದೇ ಅರ್ಥ. ಒಂದೇ ಒಂದು ನೀರು ಕೊಡುವ ಅನುಕೂಲ ಇದ್ದವರು ಆಗ ಕೊಟ್ಟರೆ ತೆನೆ ಉಳಿಯುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದಾಗ ಮೊದಲು ಎಲೆ ನೋಡ್ರಿ.